ಮೊರನಾಳದ ತೊಗಲುಗೊಂಬೆಯಾಟ
(ಮನೆಯವರೆಲ್ಲರೂ ಕೂಡಿ ಓದತಕ್ಕ ಪಾಠ)

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ಸೀಮೆಗಳ ಮುದುಕರನ್ನು ಅವರ ಬಾಲ್ಯದ ರಾತ್ರಿಗಳ ವಿಷಯವಾಗಿ ವಿಚಾರಿಸಿದರೆ, ಗೊಂಬೆರಾಮರ ಆಟದ ನೆನಪು ಅನೇಕರ ಬಾಯಿಂದ ಹೊರಡುವದು. ಊರ ಬಯಲಿನಲ್ಲಿ ಕಟ್ಟಿದ ಒಂದು ಬಿಳಿಯ ಅರಿವೆ, ಅದರ ಹಿಂದೆ ಒಂದು ದೀಪ, ಮುಂದೆ ಕಂಬಳಿ ಹಾಸಿಕೊಂಡು ಕೂತ ಮಕ್ಕಳು: ಇಷ್ಟೇ ಅದರ ವೈಭವ. ಈ ಆಟವು ಹೇಗೆ ನಡೆದು ಬಂತು, ಮುಂದೆ ಅದರ ಗತಿ ಏನು ಎಂಬದನ್ನು ಈ ತಿಂಗಳಲ್ಲಿ ವಿಚಾರಿಸೋಣ.

೧. ಗೊಂಬೆಯನ್ನು ಮಾಡುವ ಬಗೆ

ಈ ಗೊಂಬೆಯು ಕಟ್ಟಿಗೆಯದಲ್ಲ, ಮಣ್ಣಿನದಲ್ಲ, ತೊಗಲಿನದು. ಆಡಿನ ತೊಗಲನ್ನು ತೆಗೆದುಕೊಂಡು ಕೂದಲು ಹೋಗುವಂತೆ ಹೆರೆದು, ಬೆಳಕು ತೂರುವಷ್ಟು ತೆಳ್ಳಗೆ ಮಾಡಿ ಒಣಗಿಸುವರು. ತರುವಾಯ ಅದರ ಮೇಲೆ ಚಿತ್ರ ಬರೆದು, ಅಂಚನ್ನು ಕತ್ತರಿಸಿ, ಒಡವೆ ವಸ್ತ್ರಗಳು ಕಾಣುವ ಹಾಗೆ ಸಣ್ಣ ಉಳಿಗಳಿಂದ ತೂತುಗಳನ್ನು ಕೊರೆದು, ಬಣ್ಣ ಹಚ್ಚುವರು. ಪೂರ್ವದಲ್ಲಿ ಜಿಂಕೆಯ ತೊಗಲು ಸಹ ಬಳಕೆಯಲ್ಲಿತ್ತು. ಆದರೆ ೧೯೭೨ರಲ್ಲಿ ಕಾಡುಮೃಗಗಳನ್ನು ಕಾಪಾಡುವ ಕಾನೂನು ಬಂದದ್ದರಿಂದ ಹೊಸ ಗೊಂಬೆಗಳಿಗೆ ಅದನ್ನು ಉಪಯೋಗಿಸುವ ಹಾಗಿಲ್ಲ.

ಕಡೆಗೆ ಗೊಂಬೆಯನ್ನು ಸೀಳಿದ ಬಿದಿರುಕಡ್ಡಿಯ ನಡುವೆ ಸಿಕ್ಕಿಸಿ ಕಟ್ಟುವರು. ಕೆಲವು ಗೊಂಬೆಗಳಿಗೆ ಕೈಕಾಲುಗಳು ಆಡುತ್ತವೆ. ಕೆಲವು ತೊಗಲುಗಳಲ್ಲಿ ಒಂದೇ ಗೊಂಬೆಯ ಬದಲಾಗಿ ಒಂದು ಪೂರ್ಣ ಸಭೆಯೇ ಕೊರೆಯಲ್ಪಟ್ಟಿರುತ್ತದೆ. ಇದಲ್ಲದೆ ಅರಸನ ಗೊಂಬೆ ದೊಡ್ಡದು, ಸೇವಕನದು ಸಣ್ಣದು. ಯಾರು ಹೆಚ್ಚಿನವರೆಂಬದನ್ನು ಓದು ಬಾರದ ಕೂಸು ಸಹ ನೋಡಿದಾಕ್ಷಣವೇ ತಿಳಿಯುವದು.

೨. ಆಟದ ಬಗೆ

ರಾಮಾಯಣ, ಮಹಾಭಾರತಗಳ ಪ್ರಸಂಗಗಳೇ ಈ ಆಟದ ಮುಖ್ಯ ಕಥೆಗಳು. ಮಳೆ ಬಾರದ ವರುಷ, ಆಟ ಆಡಿಸಿದರೆ ಮಳೆಯಾದೀತೆಂಬ ನಂಬಿಕೆಯಿಂದ ಊರವರು ಗೊಂಬೆಯವರನ್ನು ಕರಿಸುತ್ತಿದ್ದರು. ಮುಂಚೆ ಎಣ್ಣೆಯ ದೀಪ, ಈಗ ವಿದ್ಯುತ್ತಿನ ದೀಪ. ಎಣ್ಣೆಯ ದೀಪದ ಕುಡಿಯು ಗಾಳಿಗೆ ಅಲುಗುವಾಗ ಗೊಂಬೆಯೇ ಉಸಿರಾಡಿದಂತೆ ಕಾಣುತ್ತಿತ್ತು. ವಿದ್ಯುತ್ತಿನ ಬೆಳಕು ಸ್ಥಿರವಾದದ್ದು, ಅದರಲ್ಲಿ ಆ ಚಂಚಲತೆ ಇಲ್ಲ.

ಮಕ್ಕಳಾದರೋ ಅರಸರಿಗಾಗಿ ಕಾಯುತ್ತಿರಲಿಲ್ಲ, ಕಿಳ್ಳೇಕ್ಯಾತನಿಗಾಗಿ ಕಾಯುತ್ತಿದ್ದರು. ಕಪ್ಪು ಮೈಯ, ವಿಕಾರ ರೂಪದ ಈ ಹಾಸ್ಯಗಾರನೂ ಅವನ ಜೊತೆಗಾತಿಯಾದ ಬಂಗಾರಕ್ಕನೂ ಕಥೆಯ ನಡುವೆ ಬಂದು ಜಗಳಾಡಿ, ಊರ ದೊಡ್ಡವರನ್ನೇ ಪರಿಹಾಸ್ಯ ಮಾಡಿ, ತೂಕಡಿಸುವವರನ್ನು ಎಬ್ಬಿಸುವರು. ಅವರ ಮಾತು ಕೆಲವು ಸಾರಿ ಒರಟಾಗಿರುವದುಂಟು. ಆದಾಗ್ಯೂ ಹಗಲಲ್ಲಿ ಯಾರೂ ಹೇಳಲಾರದ ಮಾತನ್ನು ರಾತ್ರಿ ಒಂದು ತೊಗಲಿನ ಚೂರು ಧೈರ್ಯವಾಗಿ ಹೇಳುತ್ತಿತ್ತೆಂಬದನ್ನು ನಾವು ಮರೆಯಬಾರದು.

೩. ಆಡಿಸುವ ಜನರು

ಆ ಹಾಸ್ಯಗಾರನ ಹೆಸರೇ ಆಡಿಸುವ ಜನರಿಗೂ ಅಂಟಿಕೊಂಡಿತು. ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎಂದು ಕರೆಯಲ್ಪಡುವ ಇವರು ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನು ಆಡುವರು. ಪರದೆಯ ಹಿಂದೆ ಮಾತ್ರ ಶುದ್ಧ ಕನ್ನಡದಲ್ಲಿ ಹಾಡುವರು. ಆಟವಿಲ್ಲದ ಕಾಲದಲ್ಲಿ ಹೊಳೆ ಕೆರೆಗಳಲ್ಲಿ ಮೀನು ಹಿಡಿಯುವದು ಇವರ ಕಸುಬು. ಊರಿಂದೂರಿಗೆ ಅಲೆಯುವ ಈ ಬಡವರು ಊರಿನ ಕಣ್ಣಿಗೆ ಕೀಳಾಗಿದ್ದರು. ರಾತ್ರಿಯೆಲ್ಲಾ ಇವರ ಕಲೆಗೆ ತಲೆದೂಗಿದವರೇ ಬೆಳಗಾದ ಮೇಲೆ ಇವರನ್ನು ದೂರ ನಿಲ್ಲಿಸಿದರೆಂಬದು ನಾಚಿಕೆಯ ಸಂಗತಿಯಾಗಿದೆ.

ಈ ಸೀಮೆಯು ೧೯೪೮ರ ವರೆಗೆ ನಿಜಾಮನ ರಾಜ್ಯದಲ್ಲಿತ್ತು. ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾಯಿತು. ಆಳುವವರು ಬದಲಾದರೂ ಗೊಂಬೆಯ ಗಂಟು ತಂದೆತಾಯಿಗಳಿಂದ ಮಕ್ಕಳ ಕೈಗೆ ಬರುತ್ತಲೇ ಇತ್ತು.

೪. ಭೀಮವ್ವನವರು

ಕೊಪ್ಪಳ ತಾಲೂಕಿನ ಮೊರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬ ತಾಯಿಯವರು ಚಿಕ್ಕಂದಿನಲ್ಲಿಯೇ ಈ ಆಟವನ್ನು ಕಲಿತು ಎಪ್ಪತ್ತು ವರುಷಗಳಿಗೂ ಮೀರಿ ಆಡಿಸಿದರು, ಪರದೇಶಗಳಿಗೂ ಕೊಂಡೊಯ್ದರು. ೨೦೨೫ರ ಜನವರಿಯಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಗೆ ಇವರ ಹೆಸರನ್ನು ಪ್ರಕಟಿಸಿತು. ಆಗ ಇವರಿಗೆ ತೊಂಬತ್ತಾರು ವರುಷ ಪ್ರಾಯವಾಗಿತ್ತೆಂದು ಪತ್ರಿಕೆಗಳು ಬರೆದವು. ಊರ ಹೊರಗೆ ಬಿಡಾರ ಹೂಡುತ್ತಿದ್ದ ಜನರ ಮಗಳು ದೇಶದ ರಾಜಧಾನಿಯಲ್ಲಿ ಮಾನ ಹೊಂದಿದಳು.

ನೆರೆಯ ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣನವರು ಇದೇ ಗೊಂಬೆಗಳಿಂದ ಗಾಂಧಿಯವರ ಚರಿತ್ರೆಯನ್ನೂ ಸ್ವಾತಂತ್ರ್ಯದ ಹೋರಾಟವನ್ನೂ ಆಡಿಸಿ, ಹಳೆಯ ಪರದೆಯ ಮೇಲೆ ಹೊಸ ಕಥೆಯೂ ನಿಲ್ಲಬಲ್ಲದೆಂದು ತೋರಿಸಿದರು. ಅವರು ೨೦೨೩ರಲ್ಲಿ ತೀರಿಕೊಂಡರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಹಳೆಯ ಗೊಂಬೆಗಳನ್ನು ಕೂಡಿಸಿ ಇಟ್ಟಿದ್ದಾರೆ. ಅದು ಒಳ್ಳೇದೇ, ಆದರೆ ಗೋಡೆಯ ಮೇಲಿನ ಗೊಂಬೆಯು ಮಾತಾಡುವದಿಲ್ಲ.

೫. ಮಕ್ಕಳ ಸಂಗತಿ

ಈ ವಿದ್ಯೆಗೆ ಪುಸ್ತಕವಿಲ್ಲ. ಕೂಸು ಪರದೆಯ ಹಿಂದೆ ತಾಯಿಯ ಮಗ್ಗುಲಲ್ಲಿ ಕೂತು ಮೊದಲು ತಾಳ ಹಾಕುವದು, ಆ ಮೇಲೆ ಬೇಕಾದ ಗೊಂಬೆಯನ್ನು ಸರಿಯಾದ ವೇಳೆಗೆ ಎತ್ತಿಕೊಡುವದು, ಕಡೆಗೆ ದನಿ ಕೂಡಿಸುವದು. ರಾತ್ರಿ ಪೂರಾ ಎಚ್ಚರವಿದ್ದರೇ ಈ ಪಾಠ. ಆದರೆ ಬೆಳಿಗ್ಗೆ ಶಾಲೆಗೆ ಹೋಗಬೇಕಾದ ಮಗು ರಾತ್ರಿ ಎಚ್ಚರವಿರುವದು ಹೇಗೆ? ಶಾಲೆಯನ್ನು ಬಿಡು ಎಂದು ಯಾವ ತಾಯಿಯೂ ಹೇಳಬಾರದು. ಯಾಕಂದರೆ ಅಲೆದಾಟದಿಂದ ಬಿಡುಗಡೆಯ ದಾರಿ ಅದೇ. ಹೀಗಿರುವಲ್ಲಿ, ಶಾಲೆ ಗೆದ್ದರೆ ಆಟ ಸೋಲುವದೋ? ಇದೇ ಆ ಮನೆಗಳ ಕಷ್ಟ.

ನಮ್ಮ ಅಭಿಪ್ರಾಯವೇನಂದರೆ, ಮಗು ಆಟಕ್ಕೆ ಬರಲಾರದಿದ್ದರೆ ಆಟವೇ ಶಾಲೆಗೆ ಬರಲಿ. ಹಗಲಲ್ಲಿ ಕತ್ತಲೆ ಮಾಡಿದ ಕೋಣೆಯಲ್ಲಿ ಒಂದು ತಾಸಿನ ಪ್ರಸಂಗವನ್ನು ಆಡಿಸಬಹುದು. ಆಡಿಸಿದವರಿಗೆ ಭಿಕ್ಷೆಯಂತೆ ಕೊಡದೆ, ಉಪಾಧ್ಯಾಯರಿಗೆ ಕೊಡುವ ಹಾಗೆ ಗೌರವದಿಂದ ಕೂಲಿ ಕೊಡತಕ್ಕದ್ದು. ಜಾವಾ ದ್ವೀಪದ ತೊಗಲುಗೊಂಬೆಯಾಟವನ್ನು ೨೦೦೮ರಲ್ಲಿಯೂ ಚೀನದ ನೆರಳಾಟವನ್ನು ೨೦೧೧ರಲ್ಲಿಯೂ ಯುನೆಸ್ಕೋ ಸಂಸ್ಥೆಯು ಮಾನವಕುಲದ ಸೊತ್ತಿನ ಪಟ್ಟಿಯಲ್ಲಿ ಬರಕೊಂಡಿತು. ನಮ್ಮ ಮಗ್ಗುಲಲ್ಲಿರುವ ಸೊತ್ತನ್ನು ನಾವೇ ಗುರುತಿಸದೆ ಹೋದರೆ ಪರರು ಗುರುತಿಸುವದರಿಂದ ಪ್ರಯೋಜನವೇನು?

ಪ್ರಶ್ನೆಗಳು

೧. ತೊಗಲನ್ನು ತೆಳ್ಳಗೆ ಹೆರೆಯುವದು ಯಾಕೆ?
೨. ಮಕ್ಕಳು ಯಾರಿಗಾಗಿ ಕಾಯುತ್ತಿದ್ದರು? ಯಾಕೆ?
೩. ಈ ವಿದ್ಯೆಯನ್ನು ಮಗು ಯಾವ ಕ್ರಮದಿಂದ ಕಲಿಯುವದು?
೪. ನಿಮ್ಮ ಊರಲ್ಲಿ ಈ ಆಟವನ್ನು ನೋಡಿದ ಹಿರಿಯರು ಯಾರಿದ್ದಾರೆ? ಅವರನ್ನು ಕೇಳಿ, ಅವರು ಹೇಳಿದ್ದನ್ನು ಬರೆದಿಡಿರಿ.