ಕಾರು ಬೆಂಗಳೂರಲ್ಲೇ ಇರಲಿ

ತಮಾ, ತಂಗೀ, ಲ್ಯಾಪ್‌ಟಾಪು ಬೆನ್ನಿಗೇರಿಸಿಕೊಂಡು ನಮ್ಮ ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಬಂದು ವಾರವೊಪ್ಪತ್ತು ಒಬ್ಬರೇ ಇದ್ದು ಹೋಗಬೇಕು ಅಂತ ನಿಮ್ಮಲ್ಲಿ ಸುಮಾರು ಜನಕ್ಕೆ ಈಗ ಆಸೆ ಹುಟ್ಟಿದೆ. ಯಾವ ರೆಸಾರ್ಟು ಒಳ್ಳೆಯದು, ಕಾರು ಎಲ್ಲಿ ನಿಲ್ಲಿಸುವುದು, ಯಾಣ, ಮಿರ್ಜಾನ ಕೋಟೆ, ಮುರುಡೇಶ್ವರ ಮೂರೂ ಒಂದೇ ದಿನದಲ್ಲಿ ಮುಗಿಯುತ್ತವೆಯೇ ಎಂದೆಲ್ಲ ಕೇಳುತ್ತೀರಿ. ಬನ್ನಿ, ಧಾರಾಳವಾಗಿ ಬನ್ನಿ. ಕಾರು ಮಾತ್ರ ತರಬೇಡಿ.

ಹೊಗೆ, ಪೆಟ್ರೋಲು, ಪರಿಸರ ಅಂತ ಪಾಠ ಹೇಳಲು ಹೊರಟಿಲ್ಲ. ಅದನ್ನು ನನಗಿಂತ ಚೆನ್ನಾಗಿ ನೀವು ಬಲ್ಲಿರಿ. ನನ್ನ ಕಾರಣ ಬೇರೆ. ಕಾರಿದ್ದವರಿಗೆ ಯಾರನ್ನೂ ಏನನ್ನೂ ಕೇಳುವ ಪ್ರಸಂಗವೇ ಬರುವುದಿಲ್ಲ. ಮನೆಯಲ್ಲಿ ಕೂತು ಕೆಲಸ ಮಾಡುವ ನಿಮಗೆ ಬೆಂಗಳೂರಿನಲ್ಲೂ ಆ ಪ್ರಸಂಗ ಕಡಿಮೆಯೇ. ಊಟ ಬಾಗಿಲಿಗೆ ಬರುತ್ತದೆ, ದಿನಸಿ ಬಾಗಿಲಿಗೆ ಬರುತ್ತದೆ, ಮ್ಯಾನೇಜರು ಪರದೆಯ ಮೇಲೆ ಬರುತ್ತಾರೆ. ಇಡೀ ದಿನ ಒಂದು ಜೀವದ ಜತೆಗೂ ಎದುರು ನಿಂತು ಮಾತಾಡದೆ ರಾತ್ರಿಯಾಗುತ್ತದೆ. ಅದೇ ಬದುಕನ್ನು ಕಿಟಕಿ ಏರಿಸಿದ ಗಾಡಿಯಲ್ಲಿ ಹೇರಿಕೊಂಡು ಬಂದು ಸಮುದ್ರದ ಎದುರು ನಿಲ್ಲಿಸಿದರೆ ನಿಮಗೆ ಸಿಗುವುದು ಒಂದು ಫೋಟೋ. ಬಸ್ಸು ಎಷ್ಟು ಹೊತ್ತಿಗೆ, ದೋಣಿ ಇದೆಯೇ, ಈ ಕಾಲುದಾರಿ ಎಲ್ಲಿಗೆ ಹೋಗುತ್ತದೆ, ಇವತ್ತು ಊಟಕ್ಕೆ ಏನಿದೆ ಅಂತ ಇನ್ನೊಬ್ಬರನ್ನು ಕೇಳಿಕೊಂಡು ದಿನ ಸಾಗಿಸುವುದಿದೆಯಲ್ಲ, ನೀವು ಬರಬೇಕಾದದ್ದು ಅದಕ್ಕಾಗಿ.

ಬರುವ ದಾರಿ ಕಷ್ಟದ್ದಲ್ಲ. ಸಂಜೆ ಬೆಂಗಳೂರು ಬಿಡುವ ಪಂಚಗಂಗಾ ಎಕ್ಸ್‌ಪ್ರೆಸ್ ಹಾಸನ ದಾಟಿ, ಸುಬ್ರಹ್ಮಣ್ಯದ ಘಟ್ಟ ಇಳಿದು, ಬೆಳಗಾಗುವ ಹೊತ್ತಿಗೆ ಭಟ್ಕಳ, ಹೊನ್ನಾವರ, ಕುಮಟಾ ಹಿಡಿದು ಕಾರವಾರಕ್ಕೆ ಹೋಗುತ್ತದೆ. ರಿಸರ್ವೇಶನ್ 60 ದಿನ ಮೊದಲು ತೆರೆಯುತ್ತದೆ. ಹಬ್ಬ, ಸಾಲುರಜೆ ಇದ್ದರೆ ಅವತ್ತೇ ಮಾಡಿಸಿಡಿ. ಹೊನ್ನಾವರ ಬರುವ ಮೊದಲೇ ಎದ್ದು ಬಾಗಿಲ ಹತ್ತಿರದ ಕಿಟಕಿಗೆ ಬನ್ನಿ. ಶರಾವತಿಯ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಕೆಳಗೆ ಅಷ್ಟು ಸಾವಧಾನವಾಗಿ ಹರಿಯುವ ನೀರು ಮೇಲೆ ಲಿಂಗನಮಕ್ಕಿಯಲ್ಲಿ ತಡೆದು ನಿಂತು, ಟರ್ಬೈನು ತಿರುಗಿಸಿ, ಗೇರುಸೊಪ್ಪೆಯಲ್ಲಿ ಇನ್ನೊಮ್ಮೆ ತಿರುಗಿಸಿ ಬಂದದ್ದು. ನಿಮ್ಮ ಲ್ಯಾಪ್‌ಟಾಪಿನ ಚಾರ್ಜಿನಲ್ಲೂ ಅದರ ಪಾಲು ಇದ್ದೀತು.

ನಮ್ಮ ರೈಲು ನಿಲ್ದಾಣಗಳೆಲ್ಲ ಪೇಟೆಯಿಂದ ದೂರ, ಗುಡ್ಡದ ಬದಿಗೆ. ಇಳಿದ ಕೂಡಲೇ ಆಟೋ ಬೇಕಾಗುತ್ತದೆ; ಹತ್ತುವ ಮೊದಲು ಬಾಡಿಗೆ ಮಾತಾಡಿ, ಮಾತಾಡಿದ ಮೇಲೆ ಚೌಕಾಸಿ ಮಾಡಬೇಡಿ. ಬಸ್‌ಸ್ಟ್ಯಾಂಡಿಗೆ ಬಂದು ಚಹಾ, ಬನ್ಸ್ ಆದಮೇಲೆ ಎಲ್ಲವೂ ಸುಲಭ. ಕುಮಟಾದಿಂದ ಹೊನ್ನಾವರ ಸುಮಾರು 20 ಕಿ.ಮೀ., ಅಲ್ಲಿಂದ ಭಟ್ಕಳ 40ರ ಆಸುಪಾಸು. ಈ ದಾರಿಯ ಉದ್ದಕ್ಕೂ ಕೆಂಪು ಬಸ್ಸೂ ಟೆಂಪೋಗಳೂ ಓಡುತ್ತವೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಸಾಮಾನ್ಯ ಬಸ್ಸಿನಲ್ಲಿ ದುಡ್ಡೂ ಇಲ್ಲ, ರಾಜ್ಯದವರೆಂದು ತೋರಿಸುವ ಗುರುತಿನ ಚೀಟಿ ಕೈಯಲ್ಲಿರಲಿ. ಹೆದ್ದಾರಿ ಬಿಟ್ಟು ಒಳಗಿನ ಹಳ್ಳಿಗಳಿಗೆ ಹೋಗುವ ಬಸ್ಸಿನ ವೇಳೆ ಮೊಬೈಲಿನಲ್ಲಿ ಸಿಕ್ಕಿದ್ದನ್ನು ನಂಬಬೇಡಿ. ಕಂಟ್ರೋಲ್ ರೂಮಿನ ಕಿಟಕಿಯಲ್ಲಿ ಕೇಳಿ. ಅವರು ಸಿಡುಕಿದರೆ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅಮ್ಮನನ್ನು ಕೇಳಿ. ಆ ಬಸ್ಸಿಗಾಗಿ ದಿನಾ ಕಾಯುವವರು ಅವರು.

ಎಲ್ಲಿ ಉಳಿಯುವುದು? ಗೋಕರ್ಣ ಮತ್ತು ಮುರುಡೇಶ್ವರ ಬೇಡ. ದೇವರಿಗೆ ಕೈಮುಗಿಯಲು ಹೋಗಿ ಬನ್ನಿ, ಉಳಿಯಲು ಬೇಡ. ಶನಿವಾರ ಬಂತೆಂದರೆ ಅಲ್ಲಿ ಬೆಂಗಳೂರೇ ಇಳಿದಿರುತ್ತದೆ. ಅವೆರಡರ ಆಸುಪಾಸಿನಲ್ಲಿ ಯಾರ ಪಟ್ಟಿಯಲ್ಲೂ ಇಲ್ಲದ ಊರುಗಳಿವೆ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ, ಕಾಗಾಲ, ಬಾಡ, ಧಾರೇಶ್ವರ. ಹೊನ್ನಾವರದ ಕಡೆ ಕರ್ಕಿ, ಗುಣವಂತೆ. ಭಟ್ಕಳದ ಕಡೆ ಚಿತ್ರಾಪುರ ಮಠವಿರುವ ಶಿರಾಲಿ. ಯಾವುದಾದರೂ ಒಂದನ್ನು ಹಿಡಿಯಿರಿ. ಹಿಡಿದ ಮೇಲೆ ಬಿಡಬೇಡಿ. ದಿನಕ್ಕೊಂದು ಊರು ಬದಲಿಸುವವರಿಗೆ ಚಹಾದಂಗಡಿಯವರು ಚಹಾ ಕೊಡುತ್ತಾರೆ, ಮಾತು ಕೊಡುವುದಿಲ್ಲ. ಮೂರನೆಯ ದಿನ ಅದೇ ಬೆಂಚಿನ ಮೇಲೆ ಕೂತವರಿಗೆ ಮಾತ್ರ "ಯಾವ ಊರಾಯ್ತು? ಮನೆಯಲ್ಲಿ ಯಾರಿದ್ದಾರೆ?" ಎಂಬ ಪ್ರಶ್ನೆ ಬರುತ್ತದೆ. ಇದು ನಿಮ್ಮ ಖಾಸಗಿತನಕ್ಕೆ ಕೈಹಾಕಿದಂತೆ ಅನಿಸಬಹುದು. ಸಿಟ್ಟು ಮಾಡಿಕೊಳ್ಳಬೇಡಿ, ಉತ್ತರ ಕೊಡಿ.

ನೀನೇ ಆರಿಸು ಅಂದರೆ ಅಘನಾಶಿನಿ ಹೊಳೆಯ ದಂಡೆಯನ್ನೇ ತೋರಿಸುತ್ತೇನೆ. ಗೋಕರ್ಣದ ಕಡೆಯಿಂದ ತದಡಿಗೆ ಬಂದು, ಅಲ್ಲಿಂದ ತಾರಿಯಲ್ಲಿ ನದಿ ದಾಟಿದರೆ ಆಚೆ ದಡವೇ ಅಘನಾಶಿನಿ ಊರು. ಶಿರಸಿಯ ಮೇಲಿಂದ ಇಳಿಯುವ ಈ ಹೊಳೆಗೆ ಶರಾವತಿಯ ಹಾಗೆ ಎಲ್ಲೂ ಅಣೆಕಟ್ಟಿಲ್ಲ. ಕಾಡಿನ ಗೋಡು, ಎಲೆ, ಸಿಹಿನೀರು ಎಲ್ಲ ತಡೆಯಿಲ್ಲದೆ ಕಡಲಿಗೆ ಬಂದು ಉಪ್ಪುನೀರಿನೊಡನೆ ಕಲೆಯುತ್ತವೆ. ಅದರಿಂದಲೇ ಇಲ್ಲಿ ಬಳಚು ಎಂಬ ಚಿಪ್ಪುಮೀನು, ಸಿಗಡಿ, ಕಾಂಡ್ಲಾ ಗಿಡ ಇಷ್ಟು ಸಮೃದ್ಧಿ. 2024ರಲ್ಲಿ ಈ ಅಳಿವೆ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದವರೆಗಿನ ನೀರಿಗಿಳಿದು ಕಾಲಲ್ಲಿ ತಡವಿ, ಕೈಯಲ್ಲಿ ಬಾಚಿ ಬಳಚು ತೆಗೆಯುವುದನ್ನು ನೋಡುತ್ತೀರಿ. ನೋಡಿ, ಕೇಳದೆ ಕ್ಯಾಮೆರಾ ಎತ್ತಬೇಡಿ. ನೀವು ಕೆಲಸ ಮಾಡುವಾಗ ನಿಮ್ಮ ಬೆನ್ನ ಹಿಂದೆ ನಿಂತು ಯಾರಾದರೂ ಫೋಟೋ ತೆಗೆದರೆ ನಿಮಗೇನನಿಸುತ್ತದೆ?

ಹತ್ತಿರದಲ್ಲೇ ಗಜನಿ ಗದ್ದೆಗಳು. ಮಳೆಗಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿ ನಿಂತರೂ ತಾಳಿಕೊಳ್ಳುವ ಎತ್ತರದ ಪೈರಿನ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆಯ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಆಚೆ ದಡದ ಸಾಣಿಕಟ್ಟೆಯಲ್ಲಿ ಅದೇ ಉಬ್ಬರದ ನೀರು ಬಿಸಿಲಿಗೆ ಆರಿ ಉಪ್ಪಾಗುತ್ತದೆ. ಮೂರೂ ಕಸುಬು ನಡೆಯುವುದು ಉಬ್ಬರ-ಇಳಿತದ ಲೆಕ್ಕದ ಮೇಲೆ. ಆ ಲೆಕ್ಕ ದಿನಕ್ಕೆ ಮುಕ್ಕಾಲು ತಾಸಿಗಿಂತ ತುಸು ಹೆಚ್ಚು ಮುಂದೆ ಸರಿಯುತ್ತ ಹೋಗುತ್ತದೆ. ಇವತ್ತು ಬೆಳಿಗ್ಗೆ ಏಳಕ್ಕೆ ನೀರು ಇಳಿದಿದ್ದರೆ ನಾಳೆ ಎಂಟರ ಸಮೀಪ. ನಿಮ್ಮ ಹತ್ತು ಗಂಟೆಯ ಮೀಟಿಂಗ್ ಮಾತ್ರ ಹತ್ತಕ್ಕೇ ಇರುತ್ತದೆ. ಹಾಗಾಗಿ ಬಂದ ದಿನವೇ ಮನೆಯವರ ಹತ್ತಿರ ಇಳಿತದ ವೇಳೆ ಕೇಳಿ ಬರೆದಿಟ್ಟುಕೊಳ್ಳಿ, ಕೆಲಸವನ್ನು ಅದರ ಸುತ್ತ ಹೊಂದಿಸಿ. ಮುಂಜಾನೆ ಇಳಿತವಿರುವ ದಿನ ನಡೆದು ಬಂದು ಆಮೇಲೆ ಕೂರಿ. ಮಧ್ಯಾಹ್ನ ಇರುವ ದಿನ ಬೆಳಿಗ್ಗೆಯೇ ಗಟ್ಟಿ ಕೆಲಸ ಮುಗಿಸಿ. ಯಾಣದ ಶಿಖರ ನೋಡದೇ ಹೋದರೆ ಏನೂ ಲುಕ್ಸಾನಿಲ್ಲ, ಅದು ಎಲ್ಲಿಗೂ ಹೋಗುವುದಿಲ್ಲ.

ಇನ್ನೊಂದು ಮಾತು. ದೂರದ ದುಡಿಮೆ ಅನ್ನುವುದು ನಿಮ್ಮ ಕಾಲದ ಹೊಸ ಸಂಗತಿ ಅಂದುಕೊಂಡಿದ್ದೀರಿ. ಈ ಮೂರು ತಾಲ್ಲೂಕಿಗೆ ಅದು ತಲೆಮಾರುಗಳ ಹಳೇ ಕತೆ. ಇಲ್ಲಿಯ ಹುಡುಗರು ಮುಂಬಯಿಗೆ ಹೋದರು, ಭಟ್ಕಳದ ನವಾಯತರ ಮನೆಮನೆಯಿಂದ ಗಂಡಸರು ದುಬೈ, ಸೌದಿಗೆ ಹೋದರು. ದುಡ್ಡು ಊರಿಗೆ ಬಂತು, ಮನುಷ್ಯರು ವರ್ಷಕ್ಕೊಮ್ಮೆ ಬಂದರು. ಕತೆಗಾರ ಯಶವಂತ ಚಿತ್ತಾಲರು 1928ರಲ್ಲಿ ಇದೇ ಕುಮಟಾ ತಾಲ್ಲೂಕಿನ ಹನೇಹಳ್ಳಿಯಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ನೌಕರಿ ಮಾಡುತ್ತ ಬಾಂದ್ರಾದಲ್ಲಿ ಬಾಳಿದರು. ಬರೆಯಲು ಕೂತಾಗ ಮತ್ತೆ ಮತ್ತೆ ಹನೇಹಳ್ಳಿಗೇ ಬಂದರು. ಅವರಿಗೆ ದೇಹ ಅಲ್ಲಿ, ಮನಸ್ಸು ಇಲ್ಲಿ. ನಿಮಗೆ ಅದು ತಿರುಗುಮುರುಗು: ದೇಹ ಇಲ್ಲಿ ಬಂದಿರುತ್ತದೆ, ಚಿತ್ತವೆಲ್ಲ ಆಫೀಸಿನಲ್ಲಿ. ಅದಕ್ಕೆ ನಾನು ಬೈಯುವುದಿಲ್ಲ, ಅನ್ನ ಕೊಡುವ ಕೆಲಸ ಅದು. ಆದರೆ ಊರಿಗೆ ಬಂದದ್ದನ್ನು ಆಫೀಸಿನಿಂದ ಮುಚ್ಚಿಡಬೇಡಿ. ಬೆಂಗಳೂರಿನ ಗೋಡೆಯ ಚಿತ್ರ ಹಿಂದೆ ಹಾಕಿಕೊಂಡು ಮೀಟಿಂಗಿನಲ್ಲಿ ಕೂತು, ಹೊರಗೆ ಕೋಳಿ ಕೂಗಿದಾಗಲೆಲ್ಲ ಬೆಚ್ಚುವುದು ಎಂಥ ವಿಶ್ರಾಂತಿ? ಹೇಳಿ ಬನ್ನಿ. ಕೆಲಸದ ತಾಸುಗಳಲ್ಲಿ ನೆಟ್ಟಗೆ ಕೆಲಸ ಮಾಡಿ, ಆಮೇಲೆ ಪೆಟ್ಟಿಗೆ ಮುಚ್ಚಿ.

ಕೆಲಸ ನಡೆಯಬೇಕಾದರೆ ಕೆಲವು ವಿಷಯ ಮೊದಲೇ ಕೇಳಿಕೊಳ್ಳಬೇಕು. ಕೋಣೆ ಗೊತ್ತುಮಾಡುವಾಗ ಸಮುದ್ರ ಕಾಣುತ್ತದೆಯೇ ಅಂತ ಕೇಳುವ ಮೊದಲು ಕರೆಂಟು ಹೋದರೆ ಏನು ವ್ಯವಸ್ಥೆ ಅಂತ ಕೇಳಿ. ಮಳೆ-ಗಾಳಿಗೆ ತೆಂಗಿನ ಹೆಡೆಯೋ ಮರದ ಕೊಂಬೆಯೋ ತಂತಿಯ ಮೇಲೆ ಬಿದ್ದರೆ ಹೆಸ್ಕಾಂನವರು ಬರುವವರೆಗೆ ಕತ್ತಲೆಯೇ. ಗುಡ್ಡದ ಮರೆಯ ಮನೆಗಳಲ್ಲಿ ಒಂದು ಕಂಪನಿಯ ಸಿಗ್ನಲ್ ಸಿಕ್ಕರೆ ಇನ್ನೊಂದರದ್ದು ಸಿಗದು. ಎರಡು ಬೇರೆ ಕಂಪನಿಯ ಸಿಮ್ ಇರಲಿ. ಮನೆಯವರು ಅಲ್ಲೇ ವಾಸವಿರುವ ಹೋಂಸ್ಟೇ ಹಿಡಿಯಿರಿ; ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗಂತೂ ಇದನ್ನು ಒತ್ತಿ ಹೇಳುತ್ತೇನೆ. ಕೀಲಿಕೈಯನ್ನು ಕುಂಡದ ಕೆಳಗಿಟ್ಟು ಫೋನಿನಲ್ಲೇ ಸ್ವಾಗತ ಹೇಳುವ ಬಂಗಲೆಗಿಂತ, ರಾತ್ರಿ ಎಂಟಾದರೂ ಬರಲಿಲ್ಲವಲ್ಲ ಎಂದು ಜಗುಲಿಗೆ ಬಂದು ನೋಡುವ ಅಕ್ಕ ಇರುವ ಮನೆ ಮೇಲು. ಅವರು ಕೊಟ್ಟ ಊಟ ಉಣ್ಣಿ. ಹವ್ಯಕರ ಮನೆಯಾದರೆ ತಂಬುಳಿ, ಅಪ್ಪೆಹುಳಿ. ಕಡಲ ಬದಿಯ ಮನೆಯಾದರೆ ಬಂಗಡೆಯೋ ಬಳಚಿನ ಸುಕ್ಕವೋ. ಜೂನ್, ಜುಲೈನಲ್ಲಿ ಬಂದು ತಾಜಾ ಅಂಜಲ್ ಯಾಕಿಲ್ಲ ಅಂತ ಗೊಣಗಬೇಡಿ, ಆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ.

ರಾತ್ರಿಗೆ ಏನು ಮಾಡುವುದು ಅನ್ನುವವರು ಹತ್ತಿರದಲ್ಲಿ ಯಕ್ಷಗಾನದ ಆಟ ಇದೆಯೇ ಅಂತ ವಿಚಾರಿಸಿ. ಗುಣವಂತೆಯಲ್ಲಿ ಕೆರೆಮನೆಯವರ ಮೇಳವಿದೆ, ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ್ದು. ಕೊಯ್ಲು ಮುಗಿದ ಮೇಲೆ ಊರೂರಲ್ಲಿ ಬಯಲಾಟಗಳು. ಬೆಳಗಿನವರೆಗೆ ಕೂರಬೇಕೆಂದಿಲ್ಲ, ಆದರೆ ಮರುದಿನ ಬೆಳಿಗ್ಗೆ ಮೀಟಿಂಗ್ ಇಲ್ಲದ ರಾತ್ರಿಯನ್ನೇ ಆರಿಸಿಕೊಳ್ಳಿ.

ಸಮುದ್ರದ ವಿಷಯದಲ್ಲಿ ನಾನು ಕಠಿಣ. ಒಂಟಿಯಾಗಿ ಬಂದವರು ನೀರಿಗಿಳಿಯಬಾರದು. ಈಜು ಬರುತ್ತದೆ ಅನ್ನಬೇಡಿ. ಈಜುಕೊಳದ ಈಜು ಬೇರೆ, ಒಳಸೆಳೆತವಿರುವ ಕಡಲು ಬೇರೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲೆಯ ಪ್ರವಾಸದಲ್ಲಿ ಬಂದ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಅದು ಮಳೆಗಾಲವೂ ಆಗಿರಲಿಲ್ಲ. ಧಾರೇಶ್ವರ, ಬಾಡದಂಥ ಖಾಲಿ ದಂಡೆಗಳಲ್ಲಿ ನೀವು ಕೂಗಿದರೆ ಕೇಳಿಸಿಕೊಳ್ಳುವವರೂ ಇರುವುದಿಲ್ಲ. ಪಾದ ಒದ್ದೆಯಾಗುವಷ್ಟು ಸಾಕು.

ಮೊದಲ ಸಲ ಬರುವವರು ಮಳೆಗಾಲ ಬಿಡಿ. ನೋಡಲು ಚೆಂದವೇ, ಸುಳ್ಳು ಹೇಳುವುದಿಲ್ಲ; ಆದರೆ ವಾಹನವಿಲ್ಲದ ಒಬ್ಬಂಟಿಗೆ ಅದು ಸಲೀಸಲ್ಲ. ರೈಲುಗಳು ಮಳೆಗಾಲದ ವೇಳಾಪಟ್ಟಿಯಲ್ಲಿ ನಿಧಾನವಾಗಿ ಓಡುತ್ತವೆ. ಗುಡ್ಡ ಜರಿದರೆ ರಸ್ತೆಯೂ ಇಲ್ಲ. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದದ್ದು ನೆನಪಿರಬೇಕು. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಮೇಲೆ ಸೆಕೆ. ಆದರೆ ಕುಮಟಾದ ಅಳ್ವೆಕೋಡಿಯ ಹತ್ತಿರ ಹೆದ್ದಾರಿ ಬದಿಯಲ್ಲಿ ಸಿಹಿ ನೀರುಳ್ಳಿಯ ಜಡೆಗಳು ತೂಗುವುದೂ ಆಗಲೇ. ಸೆಕೆ ತಡೆಯಬಲ್ಲವರಾದರೆ ಬನ್ನಿ.

ಜ್ವರ, ಎದೆನೋವು, ಏನಾದರೂ ಶುರುವಾಗಿದ್ದರೆ ಹೊರಡಲೇಬೇಡಿ. ತಾಲ್ಲೂಕು ಆಸ್ಪತ್ರೆಗಳಿವೆ, ಒಳ್ಳೆಯ ಡಾಕ್ಟರರೂ ಇದ್ದಾರೆ. ಆದರೆ ದೊಡ್ಡ ಕಾಯಿಲೆಗೆ ನಾವೆಲ್ಲ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕು. ಸುಸಜ್ಜಿತ ಆಸ್ಪತ್ರೆ ಕೊಡಿ ಅಂತ ಈ ಜಿಲ್ಲೆ ವರ್ಷಗಟ್ಟಲೆ ಕೇಳುತ್ತಲೇ ಇದೆ. ನೀವು ದಿನಾ ತೆಗೆದುಕೊಳ್ಳುವ ಗುಳಿಗೆಯನ್ನು ಬೇಕಾದ್ದಕ್ಕಿಂತ ಒಂದು ವಾರ ಜಾಸ್ತಿ ತನ್ನಿ. ನೀವು ಉಳಿದುಕೊಂಡ ಮನೆಯವರ ನಂಬರನ್ನು ಅಪ್ಪ-ಅಮ್ಮನಿಗೆ ಕೊಟ್ಟಿರಿ, ಅಪ್ಪ-ಅಮ್ಮನ ನಂಬರನ್ನು ಆ ಮನೆಯವರಿಗೆ.

ಹಿಂತಿರುಗುವ ರೈಲು ಸಂಜೆ ಕಾರವಾರ ಬಿಟ್ಟು ಮರುದಿನ ಬೆಳಿಗ್ಗೆ ಬೆಂಗಳೂರು ಮುಟ್ಟುತ್ತದೆ. ಒಂಟಿ ಹಳಿ, ಎದುರಿನ ಗಾಡಿಗೆ ದಾರಿ ಬಿಡಲು ಎಲ್ಲಿ ಎಷ್ಟು ಹೊತ್ತು ನಿಂತೀತೋ ಹೇಳಲಾಗದು, ಆದ್ದರಿಂದ ಅವತ್ತು ಬೆಳಗಿನ ಮೀಟಿಂಗಿಗೆ ಒಪ್ಪಿಕೊಳ್ಳಬೇಡಿ. ಸ್ಟೇಶನ್ನಿಗೆ ಹೋಗಲು ಆಟೋವನ್ನು ಮಧ್ಯಾಹ್ನವೇ ಹೇಳಿಡಿ. ಹಳ್ಳಿಯಲ್ಲಿ ಇರುವ ಎರಡು ಆಟೋಗಳೂ ಮದುವೆಗೆ ಹೋಗಿರಬಹುದು. ಮನೆಯವರ ಲೆಕ್ಕವನ್ನು ಹಿಂದಿನ ದಿನವೇ ಚುಕ್ತಾ ಮಾಡಿ. ಹೊರಡುವ ಗಡಿಬಿಡಿಯಲ್ಲಿ ದುಡ್ಡಿನ ಮಾತು ತೆಗೆಯಲು ಅವರಿಗೆ ಸಂಕೋಚ, ನೀವೇ ಕೇಳಬೇಕು.