ಗುಡ್ಡದೊಳಗಿನ ನೀರು

ಮರುಭೂಮಿ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ರಾಜಸ್ಥಾನದ ಮರಳು ದಿಬ್ಬಗಳು, ಒಂಟೆಗಳ ಸಾಲು. ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆ ಸುರಿಯುವ ದಕ್ಷಿಣ ಕನ್ನಡ ಜಿಲ್ಲೆಗೂ ಮರುಭೂಮಿಗೂ ಎತ್ತಣ ಸಂಬಂಧ ಎಂದು ನೀವು ಕೇಳಬಹುದು. ಆದರೆ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಬಂಟ್ವಾಳದಿಂದ ಮೂಡುಬಿದಿರೆಯ ಕಡೆಗೆ ಹೋಗುವಾಗ ಯಾವುದಾದರೊಂದು ಪದವಿನ ಮೇಲೆ ನಿಂತು ನೋಡಿರಿ. ಕಾಲ ಕೆಳಗೆ ಕಾದ ಮುರಕಲ್ಲು, ಅದರ ಬಿರುಕುಗಳಲ್ಲಿ ಒಣಗಿದ ಮುಳಿಹುಲ್ಲು, ಕಣ್ಣಳತೆಯಲ್ಲಿ ನೆರಳಿಲ್ಲ. ಇಲ್ಲಿ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿದುಹೋಗುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಈ ಪದವುಗಳು ಮರುಭೂಮಿಯ ತಮ್ಮಂದಿರೇ ಸರಿ.

ಈ ಸತ್ಯವನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಬೆಳ್ತಂಗಡಿ ತಾಲೂಕಿನ ಗುಡ್ಡದ ಮೇಲಿನ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದಾಗ, ಜುಲೈ ತಿಂಗಳ ವನಮಹೋತ್ಸವದಂದು ಮಕ್ಕಳೊಡನೆ ಮಾವು, ಪೇರಳೆ, ನೆಲ್ಲಿಯ ಸಸಿಗಳನ್ನು ನೆಟ್ಟೆನು. ಭಾಷಣ ಮಾಡಿದವನೂ ನಾನೇ. ಗುಂಡಿಗಳು ಮಾತ್ರ ಗೇಣುದ್ದದವು. ಕಲ್ಲು ಗಟ್ಟಿಯೆಂದು ಅಷ್ಟಕ್ಕೇ ಬಿಟ್ಟಿದ್ದೆವು. ಮಳೆಗಾಲದಲ್ಲಿ ಸಸಿಗಳು ನಳನಳಿಸಿದವು. ಬೇಸಿಗೆ ರಜೆ ಮುಗಿಸಿ ಬಂದು ನೋಡಿದರೆ ಕಡ್ಡಿಗಳಷ್ಟೇ ಉಳಿದಿದ್ದವು. ಆ ದಿನ ಮಕ್ಕಳ ಮುಖ ನೋಡಲು ನನಗೆ ನಾಚಿಕೆಯಾಯಿತು.

ಹಾಗಾದರೆ ಅಷ್ಟೊಂದು ಮಳೆಯ ನೀರು ಎಲ್ಲಿಗೆ ಹೋಗುತ್ತದೆ? ಬಹಳಷ್ಟು ತೋಡುಗಳಲ್ಲಿ ಹರಿದು ನೇತ್ರಾವತಿ, ಫಲ್ಗುಣಿ ನದಿಗಳ ಮೂಲಕ ಕಡಲು ಸೇರುತ್ತದೆ. ಉಳಿದುದು ಮುರಕಲ್ಲಿನ ರಂಧ್ರಗಳಲ್ಲಿ ಇಳಿಯುತ್ತದೆ. ಮುರಕಲ್ಲು ಜರಡಿಯಂತೆ, ನೀರನ್ನು ಕುಡಿಯುತ್ತದೆ, ಹಿಡಿದಿಡುವುದಿಲ್ಲ. ಅದರ ಅಡಿಯಲ್ಲಿ ಮೆತ್ತನೆಯ ಜೇಡಿಮಣ್ಣಿನ ಪದರವೋ ಗಟ್ಟಿ ಬಂಡೆಯೋ ಸಿಕ್ಕಿದಲ್ಲಿ ನೀರು ಕೆಳಗಿಳಿಯಲಾರದೆ ಅಡ್ಡಡ್ಡಲಾಗಿ ಜಿನುಗತೊಡಗುತ್ತದೆ. ಗುಡ್ಡದ ನೆತ್ತಿ ಕಾದು ಒಡೆಯುತ್ತಿರುವಾಗಲೂ ಅದರ ಒಡಲಿನಲ್ಲಿ ತೇವವಿರುವುದು ಹೀಗೆ.

ಈ ಗುಟ್ಟನ್ನು ಅರಿತ ಹಿರಿಯರು ಕಂಡುಕೊಂಡ ಉಪಾಯವೇ ಸುರಂಗ. ಬಂಟ್ವಾಳ ತಾಲೂಕಿನ ಕೇಪು, ಮಾಣಿಲ, ಗಡಿಯಾಚೆ ಕಾಸರಗೋಡಿನ ಪಡ್ರೆ, ಬಾಯಾರು ಮೊದಲಾದ ಕಡೆಗಳಲ್ಲಿ ಇವನ್ನು ಇಂದಿಗೂ ಕಾಣಬಹುದು. ಬಾವಿಯನ್ನು ಕೆಳಕ್ಕೆ ತೋಡಿದರೆ ಸುರಂಗವನ್ನು ಗುಡ್ಡದ ಬದಿಯಿಂದ ಒಳಕ್ಕೆ ಅಡ್ಡಲಾಗಿ ಕೊರೆಯುತ್ತಾರೆ. ಒಬ್ಬ ಮನುಷ್ಯ ಪಿಕ್ಕಾಸು ಬೀಸುವಷ್ಟು ಅಗಲ, ಆಳೆತ್ತರ. ನೆಲವು ಬಾಗಿಲ ಕಡೆಗೆ ತುಸು ಇಳಿಜಾರಾಗಿರಬೇಕು. ಆಗ ಜಿನುಗಿದ ನೀರು ತಾನಾಗಿ ಹೊರಗೆ ಬರುತ್ತದೆ. ಏತ ಬೇಡ, ಪಂಪು ಬೇಡ. ತೋಡುವಾಗ ದೀಪವೊಂದನ್ನು ಬಳಿಯಲ್ಲಿಟ್ಟುಕೊಳ್ಳುವುದುಂಟು. ಅದು ನಂದಿತೆಂದರೆ ಪ್ರಾಣವಾಯು ಕಡಿಮೆಯಾಯಿತೆಂದು ತಿಳಿದು ಹೊರಗೆ ಓಡಬೇಕು. ಉದ್ದ ಹೆಚ್ಚಾದರೆ ಮೇಲಿನಿಂದ ಗಾಳಿಕಂಡಿ ತೋಡುತ್ತಾರೆ.

ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಕೆಲಸ ಮಾಡುತ್ತಿದ್ದವರು. ೧೯೭೦ರ ದಶಕದ ಕೊನೆಯ ಹೊತ್ತಿಗೆ ಅವರಿಗೆ ಎರಡು ಎಕರೆ ಬೋಳು ಇಳಿಜಾರು ಜಾಗ ದೊರೆಯಿತು. ಅಲ್ಲಿ ಹನಿ ನೀರಿಲ್ಲ. ಬಾವಿ ತೋಡಿಸಲು ಹಣವಿಲ್ಲ. ಹಗಲಿನ ದುಡಿಮೆ ಮುಗಿಸಿ ಬಂದು ಅವರೊಬ್ಬರೇ ಗುಡ್ಡವನ್ನು ಕೊರೆಯತೊಡಗಿದರು. ಮೊದಲನೆಯ ಸುರಂಗದಲ್ಲಿ ನೀರು ಬರಲಿಲ್ಲ, ಎರಡನೆಯದರಲ್ಲಿಯೂ ಇಲ್ಲ. ಹೀಗೆ ವರ್ಷಗಳು ಉರುಳಿದವು, ನೋಡಿದವರು ನಕ್ಕರು. ಒಂದರ ಬಳಿಕ ಒಂದು ಸುರಂಗ ಬರಿದಾದ ಮೇಲೆಯೂ ಅವರು ಪಿಕ್ಕಾಸು ಕೆಳಗಿಡಲಿಲ್ಲ. ಕೊನೆಗೆ ಕಲ್ಲು ಒದ್ದೆಯಾಯಿತು, ನೀರು ಹರಿಯಿತು. ಅದನ್ನು ತೊಟ್ಟಿಯಲ್ಲಿ ತುಂಬಿಸಿ, ಇಳಿಜಾರಿನ ಬಲದಿಂದಲೇ ಗಿಡಗಳಿಗೆ ಹಾಯಿಸಿದರು. ಬೋಳುಗುಡ್ಡದ ಮೇಲೆ ಅಡಿಕೆ, ತೆಂಗು, ಬಾಳೆ, ಕರಿಮೆಣಸು ತಲೆಯೆತ್ತಿದವು. ೨೦೨೨ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿ ಗೌರವಿಸಿತು.

ಇರಾನ್ ದೇಶದಲ್ಲಿ ‘ಖನಾತ್’ ಎಂಬ ನೆಲದಡಿಯ ಕಾಲುವೆಗಳಿವೆ. ನಮ್ಮ ಸುರಂಗಕ್ಕೆ ಅವು ದೂರದ ಬಂಧುಗಳಂತೆ ತೋರುತ್ತವೆ. ೨೦೧೬ರಲ್ಲಿ ಅವು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ವರ್ಷಕ್ಕೆ ೧೦೦ ಮಿಲಿಮೀಟರ್ ಆಸುಪಾಸಿನ ಮಳೆಯಷ್ಟೇ ಬೀಳುವ ನೆಗೆವ್ ಮರುಭೂಮಿಯಲ್ಲಿಯೂ ಪ್ರಾಚೀನ ಕೃಷಿಕರು ಗುಡ್ಡಗಳ ಮೇಲಿನ ನೀರನ್ನು ಕಟ್ಟೆಗಳಿಂದ ತಗ್ಗಿನ ಹೊಲಕ್ಕೆ ತಿರುಗಿಸಿ ಹಣ್ಣಿನ ಗಿಡಗಳನ್ನು ಬೆಳೆಸಿದ್ದರು. ನಮಗೆ ಅದರ ನಲವತ್ತು ಪಾಲು ಮಳೆ ಬೀಳುತ್ತದೆ. ಆದರೂ ಏಪ್ರಿಲ್‌ನಲ್ಲಿ ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯುವ ಮನೆಗಳಿವೆ. ಈಗ ಒಂದೊಂದು ಜಾಗಕ್ಕೂ ಕೊಳವೆಬಾವಿ ಬಂದಿದೆ. ಅಜ್ಜ ಕೂಡಿಟ್ಟ ನಿಧಿಯನ್ನು ಮೊಮ್ಮಗ ಒಂದೇ ಬೇಸಿಗೆಯಲ್ಲಿ ಬರಿದು ಮಾಡುವ ಈ ಬಗೆ ನನಗೆ ಹಿಡಿಸದು.

ಇನ್ನು ನಮ್ಮ ಶಾಲೆಯ ಕಥೆ. ಮರುವರ್ಷ ನಾನು ಭಾಷಣವನ್ನು ಬಿಟ್ಟೆನು. ಮೂರು ಅಡಿ ಆಳದ ಗುಂಡಿ ತೋಡಿಸಿ, ಅದಕ್ಕೆ ಮೇಲ್ಮಣ್ಣು, ಸುಡುಮಣ್ಣು, ಹಟ್ಟಿಗೊಬ್ಬರ ತುಂಬಿದೆವು. ಸಸಿಯ ಕೆಳಬದಿಗೆ ಅರ್ಧಚಂದ್ರಾಕಾರದ ಕಟ್ಟೆ. ಮಳೆ ನಿಂತೊಡನೆ ಬುಡಕ್ಕೆ ತರಗೆಲೆಯ ದಪ್ಪ ಹೊದಿಕೆ. ಪ್ರತಿಯೊಂದು ಸಸಿಯ ಪಕ್ಕದಲ್ಲಿ ಹಳೆಯ ಮಣ್ಣಿನ ಮಡಕೆಯೊಂದನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಕರಟ ಮುಚ್ಚಿದೆವು. ಮಡಕೆಯ ಮೈಯಿಂದ ಒಸರುವ ನೀರನ್ನು ಬೇರುಗಳು ಹುಡುಕಿಕೊಂಡು ಬರುತ್ತವೆ. ಬಿಸಿಲಿಗೆ ಆವಿಯಾಗಿ ಹೋಗುವುದು ಅತ್ಯಲ್ಪ.

ತರಕಾರಿಯ ಮಾತು ಬಂದಾಗ ಹುಡುಗನೊಬ್ಬ ಎದ್ದು ನಿಂತು, “ಮಾಷ್ಟ್ರೇ, ನಮ್ಮ ಅಜ್ಜಿ ಬಸಳೆಗೆಂದು ನೀರು ಸೇದುವುದೇ ಇಲ್ಲ” ಎಂದನು. ಅವರ ಬಸಳೆ ಚಪ್ಪರವಿದ್ದುದು ಬಚ್ಚಲಿನ ಹಿಂದೆ! ಮೀಯುವ ನೀರೇ ಅದಕ್ಕೆ ಆಧಾರ. ನಾವೂ ಮಕ್ಕಳು ಕೈ ತೊಳೆಯುವ ನೀರನ್ನು ಒಂದು ಕಣಿಗೆ ತಿರುಗಿಸಿದೆವು. ಅದರ ಇಕ್ಕೆಲಗಳಲ್ಲಿ ಬಸಳೆ, ಹರಿವೆ, ಅಲಸಂಡೆ. ತೇವ ನಿಂತಲ್ಲಿ ಒಂದೆಲಗ. ಕಲ್ಲಿನ ಸಂದಿಯಲ್ಲಿ ದೊಡ್ಡಪತ್ರೆ. ಸೌತೆಯನ್ನು ಮಾತ್ರ ಕೆಳಗಿನ ಗದ್ದೆಯಲ್ಲಿ ಬೆಳೆದು, ಹಣ್ಣಾದ ಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಡುಗೆಕೋಣೆಯ ಮಾಡಿಗೆ ತೂಗಹಾಕಿದೆವು. ಹೊಸ ತರಕಾರಿ ಸಿಗದ ಮಳೆಗಾಲದಲ್ಲಿ ಸಾಂಬಾರಿಗೆ ಅವೇ ಒದಗಿದವು.

ಆ ವರ್ಷವೂ ಐದು ಸಸಿಗಳು ಸತ್ತವು. ಬದುಕಿದವುಗಳಲ್ಲಿ ಒಂದು ಪೇರಳೆಯ ಗಿಡ ಮೂರನೆಯ ವರ್ಷಕ್ಕೆ ಕಾಯಿಬಿಟ್ಟಿತು. ಮೊದಲ ಹಣ್ಣನ್ನು ಬಾವಲಿ ತಿಂದಿತು. ಎರಡನೆಯದನ್ನು ಬಸಳೆಯ ಹುಡುಗನ ಕೈಗಿತ್ತೆನು.