ಬೆಂಕಿಗೊಂದು ಕಾವಲು

ಬೆಂಕಿಯಿಲ್ಲದೆ ಮನುಷ್ಯನ ಬಾಳು ನಡೆಯದು. ಒಲೆಯಲ್ಲಿರುವವರೆಗೆ ಅದು ಅನ್ನವನ್ನು ಬೇಯಿಸುತ್ತದೆ. ಒಲೆಯನ್ನು ದಾಟಿತೆಂದರೆ ಮನೆಯನ್ನೇ ನುಂಗುತ್ತದೆ. ಮೈಸೂರು ನಗರವು ಈ ಮಾತಿನ ಸತ್ಯವನ್ನು ನೋವುಂಡು ಅರಿತಿದೆ. 1897ರ ಫೆಬ್ರವರಿಯಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ, ಬಹುಮಟ್ಟಿಗೆ ಮರದಿಂದ ನಿರ್ಮಿತವಾಗಿದ್ದ ಹಳೆಯ ಅರಮನೆಯು ಬೆಂಕಿಗೆ ತುತ್ತಾಯಿತು. ಅದರ ಜಾಗದಲ್ಲಿ ಎದ್ದು 1912ರಲ್ಲಿ ಪೂರ್ಣಗೊಂಡ ಇಂದಿನ ಅರಮನೆಗೆ ಕಲ್ಲು, ಇಟ್ಟಿಗೆ, ಕಬ್ಬಿಣಗಳೇ ಆಧಾರವಾದವು. 1989ರ ಫೆಬ್ರವರಿ 8ರಂದು ಇದೇ ನಗರದ ಪ್ರೀಮಿಯರ್ ಸ್ಟುಡಿಯೋದಲ್ಲಿ, ಧಾರಾವಾಹಿಯೊಂದರ ಚಿತ್ರೀಕರಣದ ವೇಳೆ ಹೊತ್ತಿದ ಬೆಂಕಿಯು 60ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಚಾಮರಾಜಪುರಂನ ಸಮೀಪದಲ್ಲಿ, ಕೃಷ್ಣರಾಜ ಬುಲೇವಾರ್ಡ್ ರಸ್ತೆಯ ಬದಿಯಲ್ಲಿ ಪ್ರಾಚ್ಯ ವಿದ್ಯಾ ಸಂಶೋಧನಾಲಯವಿದೆ. 1891ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಸಾವಿರಾರು ಓಲೆಗರಿಗಳು ಸಂಗ್ರಹವಾಗಿವೆ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ದು ಇಲ್ಲಿಯ ಹಸ್ತಪ್ರತಿಯಿಂದಲೇ. ಸುಟ್ಟ ಮನೆಯನ್ನು ಮತ್ತೆ ಕಟ್ಟಬಹುದು. ಸುಟ್ಟ ಓಲೆಗರಿಯನ್ನು ಮತ್ತೆ ಬರೆಯುವವರಾರು? ಬೆಂಕಿ ಬಲಿತ ಮೇಲೆ ಸುರಿಯುವ ನೀರೂ ಓಲೆಗೆ ಶತ್ರುವೇ. ಆದುದರಿಂದ ಇಂತಹ ಭಂಡಾರಗಳಲ್ಲಿ ಬೆಂಕಿಯನ್ನು ಹೊಗೆಯ ಹಂತದಲ್ಲಿಯೇ ಗುರುತಿಸುವುದು ಅತ್ಯಗತ್ಯ.

ಹಳೆಯ ಕಟ್ಟಡದ ಗೋಡೆಗಳನ್ನು ಕೊರೆದು ತಂತಿ ಎಳೆದರೆ ಅದರ ಅಂದಕ್ಕೂ ಬಲಕ್ಕೂ ಕುಂದು. ಇಂಥಲ್ಲಿ ನಿಸ್ತಂತು ಎಚ್ಚರಿಕೆಯ ಜಾಲವು ನೆರವಿಗೆ ಬರುತ್ತದೆ. ಚಾವಣಿಯಲ್ಲಿರುವ ಶೋಧಕದ ಕತ್ತಲ ಗೂಡಿನಲ್ಲಿ ಬೆಳಕಿನ ಕಿರಣವೊಂದು ಹಾಯುತ್ತಿರುತ್ತದೆ. ಹೊಗೆಯ ಕಣಗಳು ಒಳಹೊಕ್ಕಾಗ ಆ ಬೆಳಕು ಚದುರಿ, ಪಕ್ಕದ ಬೆಳಕುಗ್ರಾಹಕದ ಮೇಲೆ ಬೀಳುತ್ತದೆ. ಒಡನೆಯೇ ಶೋಧಕವು ರೇಡಿಯೋ ತರಂಗದ ಮೂಲಕ ನಿಯಂತ್ರಣ ಫಲಕಕ್ಕೆ ಸುದ್ದಿ ಮುಟ್ಟಿಸುತ್ತದೆ, ಗಂಟೆ ಮೊಳಗುತ್ತದೆ. ಏನೂ ನಡೆಯದಿದ್ದಾಗಲೂ ಶೋಧಕವು ಆಗಾಗ್ಗೆ 'ನಾನಿದ್ದೇನೆ' ಎಂಬ ಸಂಕೇತವನ್ನು ಕಳುಹಿಸುತ್ತಿರುತ್ತದೆ. ಆ ಸಂಕೇತ ನಿಂತರೆ ಫಲಕವು ದೋಷವನ್ನು ಸಾರುತ್ತದೆ.

ಆದರೆ ಕಾವಲುಗಾರನನ್ನು ನೇಮಿಸಿದ ಮಾತ್ರಕ್ಕೆ ಕಾವಲು ನಡೆಯಿತೆಂದಲ್ಲ. ಅವನು ಎಚ್ಚರವಾಗಿರುವನೇ ಎಂದು ನೋಡುತ್ತಿರಬೇಕು. ಶೋಧಕದ ಗುಂಡಿಯನ್ನು ಒತ್ತಿದಾಗ ಗಂಟೆ ಬಾರಿಸಿದರೆ ವಿದ್ಯುತ್ ಮಂಡಲವೂ ಗಂಟೆಯೂ ಸರಿಯಾಗಿವೆಯೆಂದು ತಿಳಿಯುತ್ತದೆ. ಹೊಗೆಯು ಗೂಡಿನೊಳಗೆ ಪ್ರವೇಶಿಸಬಲ್ಲುದೇ ಎಂಬುದು ಅದರಿಂದ ತಿಳಿಯದು. ದೂಳು ಮುಚ್ಚಿರಬಹುದು, ಜೇಡ ಬಲೆ ಕಟ್ಟಿರಬಹುದು. ಅದಕ್ಕಾಗಿ ಪರೀಕ್ಷೆಗೆಂದೇ ತಯಾರಿಸಿದ ಕೃತಕ ಹೊಗೆಯನ್ನು ಬಳಸಬೇಕು. ಕಾಗದವನ್ನು ಸುಟ್ಟು ನೋಡುವುದು ಅಪಾಯಕರ. ಬಾಗಿಲುಗಳನ್ನೆಲ್ಲ ಮುಚ್ಚಿ, ಪ್ರತಿ ಕೋಣೆಯಲ್ಲಿಯೂ ಗಂಟೆ ಕೇಳಿಸುವುದೇ ಎಂದು ಪರೀಕ್ಷಿಸಬೇಕು. ಮುಖ್ಯ ವಿದ್ಯುತ್ತನ್ನು ತಡೆದು, ಫಲಕವು ಬ್ಯಾಟರಿಯಿಂದ ನಡೆಯುವುದೇ ಎಂದು ನೋಡಬೇಕು. ಪರೀಕ್ಷೆಗೆ ಮೊದಲು ಎಲ್ಲರಿಗೂ ತಿಳಿಸುವುದನ್ನೂ, ಫಲಿತಾಂಶವನ್ನು ದಿನಚರಿಯಲ್ಲಿ ಬರೆದಿಡುವುದನ್ನೂ ಮರೆಯಬಾರದು.

ಒಂದು ಶೋಧಕದ ಸಂಕೇತ ಪದೇಪದೇ ತಪ್ಪುತ್ತಿದೆಯೆನ್ನೋಣ. ಮೊದಲು ಬ್ಯಾಟರಿಯನ್ನು ಬದಲಿಸಬೇಕು. ದೋಷ ಹೋಗದಿದ್ದರೆ, ಅದನ್ನು ಸರಿಯಾಗಿ ನಡೆಯುತ್ತಿರುವ ಮತ್ತೊಂದು ಶೋಧಕದೊಡನೆ ಸ್ಥಳ ಬದಲಿಸಿ ನೋಡಬೇಕು. ದೋಷವು ಶೋಧಕದ ಜೊತೆಗೇ ಹೋದರೆ ಕೆಟ್ಟಿರುವುದು ಶೋಧಕ. ಹಳೆಯ ಸ್ಥಳದಲ್ಲಿಯೇ ಉಳಿದರೆ ಕುಂದು ಇರುವುದು ತರಂಗದ ದಾರಿಯಲ್ಲಿ. ನಡುವೆ ಹೊಸದಾಗಿ ಇರಿಸಿದ ಕಬ್ಬಿಣದ ಬೀರು ತರಂಗವನ್ನು ತಡೆಯುತ್ತಿರಬಹುದು. ಬೇರೊಂದು ಯಂತ್ರದ ತರಂಗವೂ ಅಡ್ಡಬರಬಹುದು. ಒಮ್ಮೆಗೆ ಒಂದನ್ನೇ ಬದಲಿಸಿ ಪರಿಣಾಮವನ್ನು ಗಮನಿಸುವುದೇ ಶೋಧನೆಯ ಸೂತ್ರ. ನಾಲ್ಕನ್ನು ಒಟ್ಟಿಗೆ ಬದಲಿಸಿದವನಿಗೆ ದೋಷ ನೀಗಿದರೂ ಅದರ ಕಾರಣ ತಿಳಿಯದು.

ಧೂಪದ ಹೊಗೆಗೋ ಅಡುಗೆಯ ಹಬೆಗೋ ಗಂಟೆ ಸುಮ್ಮನೆ ಮೊಳಗುವುದೂ ಉಂಟು. ಆಗ ಬೇಸರದಿಂದ ಅದರ ಬಾಯಿ ಕಟ್ಟಿಸುವುದು ಸುಲಭ. ಆದರೆ 'ತೋಳ ಬಂತು' ಎಂಬ ಕೂಗನ್ನು ನಂಬದ ಊರಿಗೆ ನಿಜವಾದ ತೋಳ ಬಂದ ಕಥೆ ಎಲ್ಲರಿಗೂ ಗೊತ್ತು. ಹುಸಿ ಕೂಗಿಗೆ ಮದ್ದು ಶೋಧಕದ ಸ್ಥಳವನ್ನು ಬದಲಿಸಿ ಕಾರಣವನ್ನು ನೀಗಿಸುವುದೇ ಹೊರತು ಗಂಟೆಯನ್ನು ನಿಲ್ಲಿಸುವುದಲ್ಲ. ಗಂಟೆ ಕೇಳಿದೊಡನೆ ಹೊರಗೆ ಬಂದು 101ಕ್ಕೋ 112ಕ್ಕೋ ಕರೆ ಮಾಡುವುದು ಮನುಷ್ಯನ ಪಾಲಿನ ಕೆಲಸ. ಯಂತ್ರವು ಎಚ್ಚರಿಸಬಲ್ಲುದು, ಎಚ್ಚರಗೊಳ್ಳಬೇಕಾದವನು ಮನುಷ್ಯನೇ.

ಅಭ್ಯಾಸ
1. ಓಲೆಗರಿಗಳ ಭಂಡಾರದಲ್ಲಿ ಹೊಗೆಯನ್ನು ಬೇಗನೆ ಗುರುತಿಸುವುದು ಏಕೆ ಅಗತ್ಯ?
2. ಗುಂಡಿ ಒತ್ತಿ ನೋಡುವ ಪರೀಕ್ಷೆಯ ಮಿತಿಯೇನು?
3. ದೋಷವು ಶೋಧಕದಲ್ಲಿದೆಯೋ ತರಂಗದ ದಾರಿಯಲ್ಲಿದೆಯೋ ಎಂಬುದನ್ನು ತಿಳಿಯುವ ಬಗೆಯನ್ನು ವಿವರಿಸಿರಿ.